ಹಳೇ ಬಾಕ್ಸ್‌ಸ್ಟರ್ ಕೊಳ್ಳುವಾಗ ಮೀಟರ್ ಜೊತೆ ಎಂಜಿನ್ ಓಡಿದ ಗಂಟೆಯನ್ನೂ ಕೇಳಿ

ಎರಡು ಕಾರು ನೋಡಿದ್ದೆ. ಎರಡೂ ಪೋರ್ಷೆ ಬಾಕ್ಸ್‌ಸ್ಟರ್ (ಬಟ್ಟೆ ಛಾವಣಿಯ ಸ್ಪೋರ್ಟ್ಸ್ ಕಾರು, ಎಂಜಿನ್ ಸೀಟುಗಳ ಹಿಂದೆ, ಡಿಕ್ಕಿ ಮುಂದೆಯೂ ಹಿಂದೆಯೂ), ಎರಡೂ 986 ಅನ್ನುವ ಮೊದಲ ಪೀಳಿಗೆಯವು, ಎರಡರಲ್ಲೂ 2.7 ಲೀಟರ್ ಎಂಜಿನ್, ಕೈಯಲ್ಲಿ ಹಾಕುವ ಗೇರು. ಬೆಳ್ಳಿ ಬಣ್ಣದ್ದು 2001ರ ಗಾಡಿ, ಮೀಟರ್‌ನಲ್ಲಿ 68,400 ಕಿಲೋಮೀಟರ್. ನೀಲಿ ಬಣ್ಣದ್ದು 2003ರ ಗಾಡಿ, 1,56,200 ಕಿಲೋಮೀಟರ್. ಬೆಲೆ ಬೆಳ್ಳಿಯದ್ದೇ ಜಾಸ್ತಿ, ಅದೂ ಸಾಕಷ್ಟು ಜಾಸ್ತಿ. ಕೊನೆಗೆ ಮನೆಗೆ ತಂದದ್ದು ನೀಲಿಯನ್ನು.

ಯಾಕೆ ಅಂತ ಊರಿಂದ ಫೋನ್ ಮಾಡಿದವರೆಲ್ಲ ಕೇಳಿದರು. ದಾವಣಗೆರೆಯ ಭಾವ ಅಂತೂ "ಕಡಿಮೆ ಓಡಿರೋದನ್ನ ಬಿಟ್ಟು ಒಂದೂವರೆ ಲಕ್ಷದ್ದು ತಗೊಂಡಿದ್ದೀರಾ?" ಅಂತ ನಕ್ಕೇಬಿಟ್ಟರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಜೊತೆಗೆ, ಕೊಂಡ ಮೇಲೆ ಏನೇನು ಬಿಚ್ಚಿದೆ, ಒಳಗೆ ಏನು ಸಿಕ್ಕಿತು ಅನ್ನೋದೂ ಇದೆ.

ನಾನಿರುವುದು ಸ್ಟಟ್‌ಗಾರ್ಟ್ ಹತ್ತಿರ. ಪೋರ್ಷೆಯ ಮೂಲ ಕಾರ್ಖಾನೆ ಇರುವ ಸುಫೆನ್‌ಹೌಸೆನ್ ಇದೇ ಊರಿನ ಒಂದು ಭಾಗ. ಹಾಗಂತ ಎಲ್ಲ ಬಾಕ್ಸ್‌ಸ್ಟರ್‌ಗಳೂ ಇಲ್ಲೇ ಹುಟ್ಟಿದವಲ್ಲ. ಫಿನ್‌ಲ್ಯಾಂಡಿನ ಊಸಿಕೌಪುಂಕಿಯಲ್ಲಿ ವಾಲ್ಮೆಟ್ ಕಾರ್ಖಾನೆಯಲ್ಲೂ ಬಹಳಷ್ಟು ತಯಾರಾದವು. ಚಾಸಿ ನಂಬರಿನ ಹನ್ನೊಂದನೇ ಅಕ್ಷರ ನೋಡಿ. ಎಸ್ ಇದ್ದರೆ ಸ್ಟಟ್‌ಗಾರ್ಟ್, ಯು ಇದ್ದರೆ ಫಿನ್‌ಲ್ಯಾಂಡ್. ನನ್ನದು ಯು. ಕೆಲವರು ಇದನ್ನೇ ದೊಡ್ಡ ವಿಷಯ ಮಾಡುತ್ತಾರೆ. ನನಗಂತೂ ಯಾವ ವ್ಯತ್ಯಾಸವೂ ಕಂಡಿಲ್ಲ.

ಕಾಗದ ಮೊದಲು, ಕಾರು ಆಮೇಲೆ

ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಟ್ಯೂಫ್, ಡೆಕ್ರಾ ಮುಂತಾದ ಸಂಸ್ಥೆಗಳು ಮಾಡುತ್ತವೆ. ಯಾರು ಮಾಡಿದರೂ ಜನ 'ಟ್ಯೂಫ್' ಅಂತಲೇ ಅನ್ನುತ್ತಾರೆ. ಆ ವರದಿಯಲ್ಲಿ ಅವತ್ತಿನ ಮೀಟರ್ ಓದೂ ಇರುತ್ತದೆ. ಹಳೆಯ ವರದಿಗಳನ್ನು ಜೋಡಿಸಿಟ್ಟುಕೊಂಡ ಮಾಲೀಕ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನೀಲಿ ಕಾರಿನ ಮಾಲೀಕರು ನಿವೃತ್ತ ಮೇಷ್ಟ್ರು. ಅಡುಗೆಮನೆ ಮೇಜಿನ ಮೇಲೆ ದಪ್ಪ ಫೈಲು ತಂದಿಟ್ಟರು. 2006ರ ಮೊದಲ ತಪಾಸಣೆಯಿಂದ 2024ರವರೆಗೆ ಒಂದೂ ಬಿಟ್ಟಿರಲಿಲ್ಲ. ಸಂಖ್ಯೆಗಳು ಒಂದೇ ಸಮ ಏರಿಲ್ಲ. ಮೊದಲ ಮೂರು ವರ್ಷ ಜೋರಾಗಿ ಓಡಿದೆ, 41,000 ದಾಟಿದೆ. ನಡುವೆ ಎರಡು ವರ್ಷ ಹೆಚ್ಚುಕಡಿಮೆ ನಿಂತೇ ಇದೆ. ಆಮೇಲೆ ಮತ್ತೆ ನಿಧಾನವಾಗಿ ಏರಿದೆ. ಈ ಏರುಪೇರನ್ನು ನೋಡಿಯೇ ನನಗೆ ನಂಬಿಕೆ ಬಂದದ್ದು. ನಿಂತಿದ್ದ ಆ ಎರಡು ವರ್ಷ ಅವರಿಗೆ ಬೆನ್ನಿನ ಆಪರೇಷನ್ ಆಗಿತ್ತಂತೆ. ಸಂಖ್ಯೆಗೂ ಮನುಷ್ಯನ ಕಥೆಗೂ ತಾಳೆಯಾಯಿತು.

ಅದರ ನಂಬರ್ ಪ್ಲೇಟಿನ ಬಲತುದಿಯಲ್ಲಿ 04, ಅದರ ಕೆಳಗೆ 10 ಅಂತ ಇದೆ. ಇದು ಸೀಸನ್ ಪ್ಲೇಟು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗಿಳಿಯಬಹುದು, ಉಳಿದ ತಿಂಗಳು ತೆರಿಗೆಯೂ ಇಲ್ಲ, ಓಡಾಟವೂ ಇಲ್ಲ. ಅಂದರೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಈ ಕಾರಿಗೆ ಅಷ್ಟಾಗಿ ತಾಗಿಲ್ಲ.

ಬೆಳ್ಳಿ ಕಾರಿನದ್ದು ಬೇರೆ ಕಥೆ. ಸರ್ವೀಸ್ ಪುಸ್ತಕದಲ್ಲಿ 2007ರವರೆಗೆ ಮುದ್ರೆಗಳಿದ್ದವು, ಕೊನೆಯದು 52,000ಕ್ಕೆ. ಆಮೇಲೆ ಪುಟಗಳು ಖಾಲಿ. ತಪಾಸಣೆಯ ವರದಿ ಅಂತ ಇದ್ದದ್ದು 2024ರದ್ದೊಂದೇ: 67,100. ಮೊದಲ ಆರು ವರ್ಷ ವರ್ಷಕ್ಕೆ ಎಂಟೂವರೆ ಸಾವಿರದಂತೆ ಓಡಿದ ಗಾಡಿ, ಆಮೇಲೆ ವರ್ಷಕ್ಕೆ ಸಾವಿರಕ್ಕೂ ಕಡಿಮೆ ಓಡಿದೆ ಅನ್ನೋ ಲೆಕ್ಕ. ಹಾಗಾಗಬಾರದು ಅಂತೇನಿಲ್ಲ. ಮಾರುವವರು ಹೇಳಿದ್ದೂ ಅದನ್ನೇ: "ನಮ್ಮ ಎರಡನೇ ಕಾರು. ಬಿಸಿಲಿರೋ ಭಾನುವಾರ ಮಾತ್ರ ತೆಗೀತೀವಿ."

ಸರಿ, ನಂಬೋಣ ಅಂದುಕೊಂಡೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ತೆಗೆಯುವ ಸಮಯ ಬಂತು.

ಗಂಟೆಯ ಲೆಕ್ಕ

ಮೀಟರ್ ಓದು ಇರುವುದು ಡ್ಯಾಶ್‌ಬೋರ್ಡಿನ ಕ್ಲಸ್ಟರ್‌ನಲ್ಲಿ, ಅಂದರೆ ಸ್ಪೀಡೋಮೀಟರ್ ಇರುವ ಫಲಕದಲ್ಲಿ. ಅದನ್ನು ಬದಲಿಸಬಹುದು, ತಿದ್ದಬಹುದು. ಎಂಜಿನ್ ನಡೆಸುವ ಕಂಪ್ಯೂಟರ್ ಬೇರೆ, ಅದನ್ನು ಡಿಎಂಇ ಅನ್ನುತ್ತಾರೆ. 2000ದ ಮಾಡೆಲ್‌ನಿಂದ ಈಚೆಗಿನ 986ಗಳಲ್ಲಿ ಈ ಡಿಎಂಇ ತನ್ನದೇ ಒಂದು ಲೆಕ್ಕ ಇಟ್ಟುಕೊಳ್ಳುತ್ತದೆ: ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ. ಮೀಟರ್ ಹಿಂದಕ್ಕೆ ತಿರುಗಿಸುವವರು ಇದರ ತಂಟೆಗೆ ಹೋಗುವುದು ಕಡಿಮೆ. ಡಿಎಂಇಯನ್ನೇ ಬದಲಿಸಬೇಕೆಂದರೆ ಇಮೊಬಿಲೈಸರ್‌ಗೂ (ಸರಿಯಾದ ಕೀ ಇಲ್ಲದೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ಸಾಧನ) ಕೀಗೂ ಹೊಂದಿಸಬೇಕು, ದೊಡ್ಡ ರಗಳೆ.

ಕಾರಿನ ಕಂಪ್ಯೂಟರಿನಿಂದ ದೋಷಗಳನ್ನು ಓದುವ ಸಾಮಾನ್ಯ ಓಬಿಡಿ ರೀಡರ್‌ನಲ್ಲಿ ಇದು ಕಾಣುವುದಿಲ್ಲ. ಪೋರ್ಷೆಗೆಂದೇ ಮಾಡಿದ ಸಾಫ್ಟ್‌ವೇರ್ ಬೇಕು. ನಾನು ಬಳಸಿದ್ದು ಡ್ಯೂರಾಮೆಟ್ರಿಕ್. ಒಂದು ಕೇಬಲ್, ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್, ಅಷ್ಟೇ. ಸಾಕೆಟ್ ಇರುವುದು ಸ್ಟೀರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ. ಕೇಬಲ್ ಸಿಕ್ಕಿಸುವ ಮುಂಚೆ ಮಾರುವವರ ಒಪ್ಪಿಗೆ ಕೇಳಿ. ಬೇಡ ಅಂದರೆ ಅದೂ ಒಂದು ಉತ್ತರವೇ.

ಬೆಳ್ಳಿ ಕಾರಿನ ಡಿಎಂಇ ಹೇಳಿದ್ದು 3,118 ಗಂಟೆ. 68,400 ಕಿಲೋಮೀಟರನ್ನು ಅದರಿಂದ ಭಾಗಿಸಿ. ಗಂಟೆಗೆ 22 ಕಿಲೋಮೀಟರ್ ಬರುತ್ತದೆ.

ನನ್ನ ಜೊತೆ ಬಂದಿದ್ದ ಮೈಸೂರಿನ ಗೆಳೆಯ ಪರದೆ ನೋಡಿ ಕನ್ನಡದಲ್ಲೇ ಅಂದ: "ಲೋ, ಇವರ ಭಾನುವಾರದ ಕಾರು ಸಿಟಿ ಆಟೋ ಥರ ಓಡಿದೆ ಕಣೋ."

ಮಾತು ಸರಿಯಾಗೇ ಇತ್ತು. ಬಿಸಿಲಿನ ಭಾನುವಾರ ಹಳ್ಳಿ ರಸ್ತೆಯಲ್ಲಿ, ಹೆದ್ದಾರಿಯಲ್ಲಿ ಸುತ್ತುವ ಕಾರಿನ ಸರಾಸರಿ ವೇಗ ದಿನಾ ಆಫೀಸಿಗೆ ಹೋಗುವ ಕಾರಿಗಿಂತ ಜಾಸ್ತಿ ಇರಬೇಕು, ಕಡಿಮೆಯಲ್ಲ. ಈ ಕಡೆಯ ರಸ್ತೆಗಳಲ್ಲಿ ಊರೊಳಗಿನ ಓಡಾಟ, ಹೊರಗಿನ ಓಡಾಟ ಎರಡೂ ಸೇರಿ 40ರಿಂದ 50 ಬರುವುದು ಸಹಜ. 3,118 ಗಂಟೆಗೆ 40ರಂತೆ ಗುಣಿಸಿದರೆ 1,24,000ಕ್ಕೂ ಮೇಲೆ. 48ರಂತೆ ಗುಣಿಸಿದರೆ ಸುಮಾರು ಒಂದೂವರೆ ಲಕ್ಷ. ಮೀಟರ್ ಹೇಳುವುದು 68,400.

ನೀಲಿ ಕಾರಿನಲ್ಲಿ 3,254 ಗಂಟೆ. 1,56,200ನ್ನು ಭಾಗಿಸಿದರೆ ಸರಿಯಾಗಿ 48. ಅಂದರೆ ಎರಡೂ ಎಂಜಿನ್ ಹೆಚ್ಚುಕಡಿಮೆ ಒಂದೇ ಹೊತ್ತು ಓಡಿವೆ! ಅಂಥದರಲ್ಲಿ ಒಂದಕ್ಕೆ 'ಕಡಿಮೆ ಓಡಿದ್ದು' ಅನ್ನೋ ಹೆಸರಲ್ಲಿ ಹೆಚ್ಚು ದುಡ್ಡು ಯಾಕೆ ಕೊಡಬೇಕು?

ಈ ಲೆಕ್ಕವನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹಾಕಬೇಡಿ. ಬೆಂಗಳೂರಿನ ಟ್ರಾಫಿಕ್‌ನಲ್ಲೇ ಬದುಕಿದ ಕಾರಿಗೆ 20 ಬಂದರೆ ಆಶ್ಚರ್ಯವೇನೂ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ನಿಂತ ಹೊತ್ತೂ ಎಂಜಿನ್ ಗಂಟೆಯೇ, ಕಿಲೋಮೀಟರ್ ಮಾತ್ರ ಸೊನ್ನೆ. ಮಾಲೀಕ ಹೇಳುವ ಕಥೆಗೂ ಸರಾಸರಿಗೂ ಹೊಂದುತ್ತದಾ ಅಂತ ನೋಡಬೇಕು. ಅಷ್ಟೇ ಅದರ ಉಪಯೋಗ. ಅಲ್ಲಿ ಅಂಥ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು: ಟ್ರಾಫಿಕ್‌ನಲ್ಲಿ ಓಡಿದ 30,000 ಕಿಲೋಮೀಟರ್ ಎಂಜಿನ್‌ಗೂ ಕ್ಲಚ್‌ಗೂ ಹೆದ್ದಾರಿಯ 30,000ಕ್ಕಿಂತ ಬಹಳ ಜಾಸ್ತಿ.

ಅದೇ ಪರದೆಯಲ್ಲಿ ಇನ್ನೊಂದು ವಿಷಯ ಸಿಗುತ್ತದೆ, ಓವರ್‌ರೆವ್. ಎಂಜಿನ್ ತನ್ನ ಮಿತಿ ದಾಟಿ ತಿರುಗಿದಾಗ ಪೆಟ್ರೋಲ್ ಹೊತ್ತಿಸುವ ಪ್ರತಿ ಕಿಡಿಯನ್ನೂ ಡಿಎಂಇ ಎಣಿಸಿಡುತ್ತದೆ. 986ರಲ್ಲಿ ಎರಡು ರೇಂಜ್. ಮೊದಲನೆಯದು ರೆವ್ ಲಿಮಿಟರ್, ಅಂದರೆ ಎಂಜಿನ್ ಅತಿವೇಗವಾಗಿ ತಿರುಗದಂತೆ ತಡೆಯುವ ಮಿತಿಯ ಆಸುಪಾಸಿನದು. ಆಕ್ಸಿಲರೇಟರ್ ಪೂರ್ತಿ ಒತ್ತಿ ಗೇರ್ ಬದಲಿಸಲು ತಡಮಾಡಿದರೆ ಇದು ಏರುತ್ತದೆ. ಸ್ಪೋರ್ಟ್ಸ್ ಕಾರಲ್ಲವೇ, ಸ್ವಲ್ಪ ಇದ್ದೇ ಇರುತ್ತದೆ. ಎರಡನೇ ರೇಂಜ್ ಅದಕ್ಕೂ ಮೇಲೆ. ಎಂಜಿನ್ ತನ್ನ ಶಕ್ತಿಯಿಂದಲೇ ಅಲ್ಲಿಗೆ ಹೋಗಲಾರದು. ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದಾಗ ಚಕ್ರಗಳೇ ಎಂಜಿನ್ನನ್ನು ಎಳೆದುಕೊಂಡು ಅಲ್ಲಿಗೆ ಒಯ್ಯುತ್ತವೆ. ವಾಲ್ವ್‌ಗೆ, ಚೈನ್‌ಗೆ, ಬೇರಿಂಗ್‌ಗೆ ಏಟು ಬೀಳುವುದು ಆಗಲೇ.

ಸಂಖ್ಯೆ ದೊಡ್ಡದಾಗಿ ಕಂಡರೆ ಹೆದರಬೇಡಿ, ಇದು ಕಿಡಿಗಳ ಎಣಿಕೆ. ಆರು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಮೂರು ಕಿಡಿ. 7,200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, 360 ಕಿಡಿ. ನೀಲಿ ಕಾರಿನ ಮೊದಲ ರೇಂಜ್‌ನಲ್ಲಿ 1,412 ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಎಲ್ಲ ಸೇರಿ ನಾಲ್ಕು ಸೆಕೆಂಡು! ಎರಡನೇ ರೇಂಜ್ ಸೊನ್ನೆ. ಮೇಷ್ಟ್ರು ಶಿಸ್ತಿನವರೇ.

ಬೆಳ್ಳಿಯಲ್ಲಿ ಎರಡನೇ ರೇಂಜ್ 214. ಅರ್ಧ ಸೆಕೆಂಡಿನಷ್ಟು. ಒಂದೇ ಒಂದು ತಪ್ಪು ಗೇರು. ಇದು ಯಾವಾಗ ಆಯಿತು ಅನ್ನುವ ಗಂಟೆಯೂ ಪಕ್ಕದಲ್ಲೇ ಇರುತ್ತದೆ: 3,061. ಒಟ್ಟು 3,118ರಲ್ಲಿ 3,061. ಸಾವಿರ ಗಂಟೆ ಹಿಂದೆ ಆಗಿದ್ದರೆ, ಅದಾದ ಮೇಲೂ ಎಂಜಿನ್ ಸಾವಿರ ಗಂಟೆ ಚೆನ್ನಾಗಿ ಓಡಿದೆ ಅಂತ ಸಮಾಧಾನ ಇರುತ್ತಿತ್ತು. ಇದು ಮೊನ್ನೆ ಮೊನ್ನೆಯದು.

ನಾವು ಯಾರ ಮೇಲೂ ಆರೋಪ ಮಾಡಲಿಲ್ಲ. ಈಗಿನ ಮಾಲೀಕರಿಗೇ ಗೊತ್ತಿರಲಿಲ್ಲವೇನೋ. ಮುಂಚಿನ ಯಾರೋ ಕ್ಲಸ್ಟರ್ ಬದಲಿಸಿರಬಹುದು. ಮೀಟರ್ ತಿದ್ದುವುದು ಇಲ್ಲಿ 2005ರಿಂದ ಕ್ರಿಮಿನಲ್ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ಆದರೆ ಯಾರು, ಯಾವಾಗ ಮಾಡಿದರು ಅಂತ ಸಾಬೀತು ಮಾಡುವುದು ಕೊಂಡವನ ತಲೆನೋವು. ಹಾಗಾಗಿ ಖರೀದಿ ಪತ್ರದಲ್ಲಿ 'ಮೀಟರ್‌ನಲ್ಲಿ ಇಷ್ಟು ತೋರಿಸುತ್ತಿದೆ' ಅಂತ ಮಾತ್ರ ಬರೆಸಿಕೊಳ್ಳಬೇಡಿ. 'ಗಾಡಿ ಒಟ್ಟು ಇಷ್ಟು ಓಡಿದೆ' ಅಂತ ಬರೆದು ಸಹಿ ಹಾಕಿಕೊಡಿ ಅಂತ ಕೇಳಿ. ಮೇಷ್ಟ್ರು ಕೂಡಲೇ ಹಾಕಿಕೊಟ್ಟರು.

ಕೈ, ಕಣ್ಣು, ಮೂಗು

ಲ್ಯಾಪ್‌ಟಾಪ್ ಇಲ್ಲದಿದ್ದರೂ ಬೆಳ್ಳಿ ಕಾರು ತನ್ನ ಕಥೆ ಹೇಳುತ್ತಿತ್ತು. ಸ್ಟೀರಿಂಗ್ ಚರ್ಮ ಹೊಸದು. ಹೊಲಿಗೆಯ ದಾರ ಗೇರ್ ಕವರಿನ ದಾರಕ್ಕಿಂತ ಒಂದು ಛಾಯೆ ಬಿಳಿ. ಬ್ರೇಕ್, ಕ್ಲಚ್ ಪೆಡಲ್‌ಗಳ ರಬ್ಬರೂ ಹೊಸದು. ಆದರೆ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು? ಹತ್ತಿ ಇಳಿಯುವಾಗ ತೊಡೆ ಉಜ್ಜುವುದು ಅಲ್ಲೇ. ಚರ್ಮ ಬಿರುಕುಬಿಟ್ಟು, ಬಣ್ಣ ಹಚ್ಚಿ ಮುಚ್ಚಿದ್ದರು. ಉಗುರಿನಿಂದ ಮೆಲ್ಲಗೆ ಕೆರೆದಾಗ ಬಣ್ಣ ಪುಡಿಯಾಗಿ ಬಂತು. ಸೀಟ್ ಬೆಲ್ಟ್ ಪೂರ್ತಿ ಎಳೆದು ಬಿಟ್ಟರೆ ಸುರುಳಿಯೊಳಗೆ ಸೋಮಾರಿಯಾಗಿ ಹೋಯಿತು, ಅಂಚಿನಲ್ಲಿ ನೂಲು ಎದ್ದಿತ್ತು. 68,000ಕ್ಕೆ ಇಷ್ಟೆಲ್ಲ ಸವೆಯುವುದಿಲ್ಲ.

ಮುಂದಿನ ಗಾಜನ್ನು ಸೂರ್ಯನಿಗೆ ಎದುರಾಗಿ ನೋಡಿ. ಹೆದ್ದಾರಿಯಲ್ಲಿ ಓಡಿದ ಗಾಡಿಯ ಗಾಜಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ತುಂಬಿರುತ್ತವೆ. ನೀಲಿಯಲ್ಲಿ ತುಂಬ ಇದ್ದವು. ಬಂಪರ್ ಮೇಲೂ ಕಲ್ಲೇಟಿನ ಗುರುತು. ನೋಡಲು ಚೆಂದ ಇಲ್ಲ, ಆದರೆ ಒಂದೂವರೆ ಲಕ್ಷಕ್ಕೆ ತಕ್ಕ ಮುಖ ಅದು. ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದು ಬಾನೆಟ್, ಬಾಗಿಲು, ಹಿಂದಿನ ಫೆಂಡರ್ ಎಲ್ಲ ಮುಟ್ಟಿಸಿದೆ: 110ರಿಂದ 140 ಮೈಕ್ರಾನ್. ಎಡ ಬಾಗಿಲಿನಲ್ಲಿ ಮಾತ್ರ 290. ಕೇಳಿದೆ. ಪಾರ್ಕಿಂಗ್‌ನಲ್ಲಿ ಯಾರೋ ಗೀಚಿದ್ದರು, ಪೇಂಟ್ ಮಾಡಿಸಿದೆ ಅಂದರು. ಬಿಲ್ಲು ಫೈಲಿನಲ್ಲಿ ಸಿಕ್ಕಿತು. ಬಂಪರ್ ಪ್ಲಾಸ್ಟಿಕ್ಕಿನದು, ಅದರ ಮೇಲೆ ಈ ಮೀಟರ್ ಕೆಲಸ ಮಾಡಲ್ಲ.

ಟೈರ್ ಬದಿಯ ಡಾಟ್ ಸಂಖ್ಯೆ ನೋಡುವುದನ್ನು ಮರೆಯಬೇಡಿ. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಬೆಳ್ಳಿಯ ಹಿಂದಿನ ಟೈರ್‌ಗಳು 2313. ಟೈರಿನ ಮೇಲಿನ ಗೀರುಗಳ ಆಳ ಚೆನ್ನಾಗೇ ಇತ್ತು, ಆದರೆ 2013ರ ರಬ್ಬರ್ ಅದು, ಕಲ್ಲಾಗಿಹೋಗಿತ್ತು.

ಇನ್ನು ವಾಸನೆ. ಬೆಳ್ಳಿ ಕಾರಿನ ಬಾಗಿಲು ತೆರೆದ ಕೂಡಲೇ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಬಾಕ್ಸ್‌ಸ್ಟರ್‌ಗೆ ಇದು ಸಣ್ಣ ವಿಷಯವಲ್ಲ. ಬಟ್ಟೆ ಛಾವಣಿಯ ನೀರು ಹೋಗುವ ತೂತುಗಳು ಕಟ್ಟಿಕೊಂಡರೆ ನೀರು ಒಳಗೆ ಬಂದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಇಮೊಬಿಲೈಸರ್, ಅಲಾರ್ಮ್ ನೋಡಿಕೊಳ್ಳುವ ಕಂಟ್ರೋಲ್ ಯೂನಿಟ್ ಇರುವುದು ಸೀಟಿನ ಕೆಳಗೆ, ನೆಲಮಟ್ಟದಲ್ಲೇ! ಅದು ನೆನೆದರೆ ಕಾರು ಸ್ಟಾರ್ಟೇ ಆಗದಿರಬಹುದು. ಹೊಸ ಯೂನಿಟ್, ಅದಕ್ಕೆ ಕೋಡಿಂಗ್, ಒಟ್ಟಿಗೆ ದೊಡ್ಡ ಖರ್ಚು. ಸೀಟ್ ಹಿಂದಕ್ಕೆ ತಳ್ಳಿ ಕಾರ್ಪೆಟ್ ಅಂಚನ್ನು ಎತ್ತಿ, ಕೆಳಗಿನ ಸ್ಪಂಜನ್ನು ಬೆರಳಿನಿಂದ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಎಷ್ಟೋ ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದವಲ್ಲ, ಅಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯಾವ ಕಂಪನಿಯ ಕಾರಾದರೂ ಈ ಬೆರಳ ಪರೀಕ್ಷೆ ಮಾಡಲೇಬೇಕು.

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. 'ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಫೋನ್‌ನಲ್ಲೇ ಹೇಳಿರಿ. ಹೋದ ಕೂಡಲೇ ಸೈಲೆನ್ಸರ್ ಕೊಳವೆ ಮುಟ್ಟಿ ನೋಡಿ. ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಮಲಗಿರುತ್ತವೆ, ಹಾಗಾಗಿ ಬೆಳಿಗ್ಗೆ ಒಂದು ಚಿಟಿಕೆ ಹೊಗೆ ಬಂದು ಹೋದರೆ ಗಾಬರಿ ಬೇಡ. ಬಿಳಿ ಹೊಗೆ ಮೋಡದ ಹಾಗೆ ಬರುತ್ತಲೇ ಇದ್ದರೆ ಆಯಿಲ್ ಸೆಪರೇಟರ್ (ಎಂಜಿನ್ನೊಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಕೆಟ್ಟಿದೆ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಮುಚ್ಚಳ ಬಿಚ್ಚಿ ಎತ್ತಿ. ಸ್ವಲ್ಪ ಎಳೆತ ಇರಬೇಕು. ಮುಚ್ಚಳ ಕೈಯಿಂದ ಬಿಡಿಸಿಕೊಂಡು ಅಂಟಿಕೊಳ್ಳುವಷ್ಟು ಜೋರಾಗಿ ಎಳೆದರೆ ಒಳಗಿನ ಪೊರೆ ಹರಿದಿದೆ ಅಂತ. ನೀಲಿಯಲ್ಲಿ ಎಳೆತ ಹದವಾಗಿತ್ತು.

ಐಎಂಎಸ್ ಬೇರಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ಈ ಎಂಜಿನ್‌ನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನಿಂದ, ವಾಲ್ವ್ ತೆರೆಯುವ ಕ್ಯಾಮ್‌ಗಳಿಗೆ ಓಟ ಸಾಗಿಸುವ ಒಂದು ನಡುವಿನ ಶಾಫ್ಟ್ ಇದೆ, ಐಎಂಎಸ್ ಅಂದರೆ ಅದೇ. ಅದರ ಒಂದು ತುದಿಯಲ್ಲಿರುವ ಬೇರಿಂಗ್ ಹೋದರೆ ಚೈನ್ ತಪ್ಪಿ ಇಡೀ ಎಂಜಿನ್ ಹಾಳಾಗುತ್ತದೆ. ಮೊದಮೊದಲು ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. ಆಮೇಲೆ ಒಂದು ಸಾಲಿನದು ಬಂತು, ಸೋತದ್ದು ಹೆಚ್ಚಾಗಿ ಇದೇ. ಅಮೆರಿಕದಲ್ಲಿ 2001ರಿಂದ 2005ರ ಮಾಡೆಲ್‌ಗಳ ಮಾಲೀಕರು ಒಟ್ಟಾಗಿ ದಾವೆ ಹೂಡಿ 2013ರಲ್ಲಿ ರಾಜಿಯಾಯಿತು. 2009ರಲ್ಲಿ ಬಂದ ಹೊಸ ಎಂಜಿನ್‌ನಲ್ಲಿ ಈ ಶಾಫ್ಟೇ ಇಲ್ಲ.

ಇಲ್ಲಿ ಮೀಟರ್ ಓದು ತಲೆಕೆಳಗಾಗುತ್ತದೆ. ಈ ಬೇರಿಂಗಿಗೆ ನಿಂತ ಕಾರೇ ಶತ್ರು ಅಂತ ಈ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಸಣ್ಣ ಓಟ, ಒಳಗೆ ಕೂರುವ ತೇವ, ವರ್ಷಗಟ್ಟಲೆ ಬದಲಿಸದ ಆಯಿಲ್, ಇವೆಲ್ಲ ಸೇರಿ ಗುಂಡುಗಳನ್ನು ತಿನ್ನುತ್ತವೆ. ಬಿಸಿಯಾಗಿ ಓಡಿ, ವರ್ಷಕ್ಕೊಮ್ಮೆ ಆಯಿಲ್ ಕಂಡ ಎಂಜಿನ್ನೇ ವಾಸಿ. ಬೆಳ್ಳಿಯ ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಕೆಸರು ಕೂತಿತ್ತು. ನೀಲಿಯ ಫೈಲಿನಲ್ಲಿ 1,18,000ಕ್ಕೆ ಕ್ಲಚ್, ಹಿಂದಿನ ಆಯಿಲ್ ಸೀಲ್, ಐಎಂಎಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿದ ಬಿಲ್ಲಿತ್ತು. ಗೇರ್‌ಬಾಕ್ಸ್ ಇಳಿಸಿದರೆ ಮಾತ್ರ ಕೈಗೆ ಸಿಗುವ ಜಾಗ ಅದು. ಮೂರನ್ನೂ ಒಂದೇ ಸಲ ಮಾಡಿಸಿದವರು ತಿಳಿದವರು.

ಕೊನೆಗೆ ಲ್ಯಾಪ್‌ಟಾಪ್‌ನಲ್ಲಿ ಕ್ಯಾಮ್‌ಶಾಫ್ಟ್ ವ್ಯತ್ಯಾಸ, ಅಂದರೆ ಕ್ಯಾಮ್‌ಗಳು ಇರಬೇಕಾದ ಸ್ಥಾನದಿಂದ ಎಷ್ಟು ಸರಿದಿವೆ ಅಂತ ನೋಡಿದೆ. ಬಿಸಿ ಎಂಜಿನ್, ಐಡಲ್‌ನಲ್ಲಿ ಒಂದು ಬದಿ ಮೈನಸ್ 2.1 ಡಿಗ್ರಿ, ಇನ್ನೊಂದು ಬದಿ ಪ್ಲಸ್ 1.4. ಪ್ಲಸ್ ಅಥವಾ ಮೈನಸ್ 6ರ ಒಳಗಿದ್ದು ಅಲುಗಾಡದೆ ನಿಂತರೆ ಚೈನ್‌ಗಳು ಸರಿ ಇವೆ ಅಂತ ಅರ್ಥ. ಬೆಲೆ ಮಾತಾಡಿ ಕೈಕುಲುಕಿದೆವು.

ಮನೆಗೆ ತಂದ ಮೇಲೆ

ಮೊದಲ ಕೆಲಸ ಆಯಿಲ್. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ನಾಲ್ಕೂ ಕಡೆ ಆಕ್ಸಲ್ ಸ್ಟ್ಯಾಂಡ್ ಕೊಟ್ಟು ಎತ್ತಿದೆ. ಡ್ರೈನ್ ಬೋಲ್ಟ್‌ಗೆ 8 ಎಂಎಂ ಅಲೆನ್ ಕೀ ಬೇಕು. ಹತ್ತು ಲೀಟರ್ ಹಿಡಿಯುವ ಟ್ರೇ ಇಟ್ಟುಕೊಳ್ಳಿ, ಎಂಟು ಲೀಟರಿಗಿಂತ ಜಾಸ್ತಿ ಸುರಿಯುತ್ತದೆ. ಫಿಲ್ಟರ್ ಡಬ್ಬಿ ಪ್ಲಾಸ್ಟಿಕ್ಕಿನದು, 74 ಎಂಎಂ ಟೋಪಿ ಸ್ಪಾನರ್ ಹಾಕಿ ಮೆಲ್ಲಗೆ ತಿರುಗಿಸಬೇಕು. ಒಳಗಿರುವುದು ಕಾಗದದ ಫಿಲ್ಟರ್.

ಈ ಫಿಲ್ಟರನ್ನು ಎಸೆಯಬೇಡಿ. ಅದೇ ಎಂಜಿನ್ನಿನ ರಕ್ತ ಪರೀಕ್ಷೆ. ಬ್ಲೇಡಿನಿಂದ ಎರಡೂ ತುದಿ ಕತ್ತರಿಸಿ, ಕಾಗದವನ್ನು ಬಿಳಿ ಟ್ರೇ ಮೇಲೆ ಪೂರ್ತಿ ಬಿಡಿಸಿ ಹರಡಿದೆ. ಒಂದು ರಾತ್ರಿ ಆಯಿಲ್ ಇಳಿಯಲು ಬಿಟ್ಟೆ. ಬೆಳಿಗ್ಗೆ ಟಾರ್ಚ್ ಹಿಡಿದು ಒಂದೊಂದೇ ಮಡಿಕೆ ನೋಡಿದೆ. ಅಕ್ಕಿ ನುಚ್ಚಿಗಿಂತ ಚಿಕ್ಕ ಕಂದು ಚೂರುಗಳು ಅಲ್ಲಲ್ಲಿ. ಉಗುರಲ್ಲಿ ಒತ್ತಿದರೆ ಬಾಗುತ್ತವೆ. ಪ್ಲಾಸ್ಟಿಕ್, ಚೈನ್ ಉಜ್ಜುವ ಗೈಡಿನದು. ಈ ವಯಸ್ಸಿಗೆ ಸಹಜ. ಆಮೇಲೆ ಆಯಸ್ಕಾಂತವನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಾಗದದ ಮೇಲೆ ಎಳೆದೆ. ಬೇರಿಂಗ್ ಸಾಯುತ್ತಿದ್ದರೆ ಕಬ್ಬಿಣದ ಸಣ್ಣ ಮಿಂಚು ಅಂಟುತ್ತದೆ. ಏನೂ ಅಂಟಲಿಲ್ಲ. ಬಿಳಿ ಹೊಳಪಿನ ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಕಣ್ಣಲ್ಲೇ ಹುಡುಕಬೇಕು. ಮೂರು ನಾಲ್ಕು ಕಣ ಕಂಡವು, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟೆ, ಮುಂದಿನ ಸಲ ಹೋಲಿಸಲು. ಹೊಸ ಫಿಲ್ಟರ್, ಹೊಸ ಓ-ರಿಂಗ್. ಬಿಗಿಯುವ ಬಲ ಡಬ್ಬಿಗೆ 25 ನ್ಯೂಟನ್ ಮೀಟರ್, ಡ್ರೈನ್ ಬೋಲ್ಟ್‌ಗೆ 50. ಇಲ್ಲಿ ಕೈ ಅಂದಾಜು ಬೇಡ, ಟಾರ್ಕ್ ರೆಂಚ್ ಹಿಡಿಯಿರಿ.

ಮುಂದೆ ನೀರಿನ ದಾರಿ. ಛಾವಣಿಯನ್ನು ಅರ್ಧ ತೆರೆದು ನಿಲ್ಲಿಸಿದರೆ ಹಿಂದಿನ ಎರಡೂ ಮೂಲೆಗಳಲ್ಲಿ ತೂತು ಕಾಣುತ್ತವೆ. ಬಲಗಡೆಯದು ಸರಿ ಇತ್ತು. ಎಡಗಡೆಯದರಲ್ಲಿ ಪೈನ್ ಮರದ ಸೂಜಿ ಎಲೆಗಳು ಮಣ್ಣಿನ ಜೊತೆ ಗಟ್ಟಿಯಾಗಿದ್ದವು. ಹುಲ್ಲು ಕತ್ತರಿಸುವ ಟ್ರಿಮ್ಮರಿನ ನೈಲಾನ್ ದಾರ ಇದಕ್ಕೆ ಒಳ್ಳೇ ಸಾಧನ. ಬಾಗುತ್ತದೆ, ಕೊಳವೆಗೆ ಗಾಯ ಮಾಡಲ್ಲ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗೆ ಕೊಳವೆಯೇ ಕಳಚಿಕೊಂಡೀತು. ಆಮೇಲೆ ಒಂದು ಚೊಂಬು ನೀರು ಸುರಿದೆ. ಹಿಂದಿನ ಚಕ್ರದ ಮುಂದೆ ಸೊರ್ ಅಂತ ಬಂತು. ಮುಂದಿನ ಡಿಕ್ಕಿಯಲ್ಲಿ ಬ್ಯಾಟರಿಯ ಅಕ್ಕಪಕ್ಕವೂ ಎರಡು ತೂತುಗಳಿವೆ. ಪ್ಲಾಸ್ಟಿಕ್ ಕವರ್ ತೆಗೆದು ಕೈಯಲ್ಲೇ ಎಲೆ ಬಾಚಿದೆ.

ಬಂಪರ್ ಬಿಚ್ಚುವುದು ಅಂದುಕೊಂಡಷ್ಟು ಕಷ್ಟ ಇಲ್ಲ. ಬಾನೆಟ್ ಕೆಳಗಿನ ಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ, ತಳದಲ್ಲಿ ಒಂದಿಷ್ಟು ಸ್ಕ್ರೂ. ಇಬ್ಬರಿದ್ದರೆ ಒಳ್ಳೆಯದು. ಬಾಕ್ಸ್‌ಸ್ಟರ್‌ನ ರೇಡಿಯೇಟರ್‌ಗಳು ಬಂಪರಿನಲ್ಲಿ ಗಾಳಿ ಒಳಹೋಗುವ ಎರಡು ಬಾಯಿಗಳ ಹಿಂದೆ ಇವೆ, ಅವುಗಳ ಮುಂದೆ ಎಸಿ ಕಂಡೆನ್ಸರ್. ಎರಡರ ನಡುವೆ ಎಲೆ ಸೇರಿಕೊಂಡು, ಒದ್ದೆಯಾಗಿ, ಕೊಳೆತು ಅಲ್ಯೂಮಿನಿಯಂ ತಿನ್ನುತ್ತದೆ. ನನ್ನದರಲ್ಲಿ ಎರಡೂ ಕಡೆ ಸೇರಿ ಒಂದು ಬಕೆಟ್ ಕಸ ಬಂತು: ಎಲೆ, ಜೇನುನೊಣ, ಸಿಗರೇಟ್ ತುಂಡು, ಒಂದು ಐಸ್‌ಕ್ರೀಂ ಕಡ್ಡಿ. ಎಡಗಡೆಯ ಕಂಡೆನ್ಸರ್ ಕೆಳಮೂಲೆಯಲ್ಲಿ ರೆಕ್ಕೆಗಳು ಪುಡಿಯಾಗಿವೆ, ಸೋರಿಕೆ ಇನ್ನೂ ಇಲ್ಲ. ಮೆತ್ತನೆ ಬ್ರಷ್, ತೋಟದ ಪೈಪಿನ ನೀರು ಸಾಕು. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ. ವಾಪಸ್ ಹಾಕುವಾಗ ಎರಡು ಬಾಯಿಗಳಿಗೂ ಒಳಗಿನಿಂದ ತಂತಿ ಜಾಲರಿ ಕಟ್ಟಿದೆ.

ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿದಾಗ ಗೊತ್ತಾದದ್ದು, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಟ್ಯಾಂಕಿನ ತಳದಲ್ಲಿ ಒಣಗಿದ ಗುಲಾಬಿ ಬಣ್ಣದ ಗೆರೆ. ಕೂದಲೆಳೆಯ ಬಿರುಕು. ಈ ಮಾಡೆಲ್‌ಗೆ ಇದು ಹಳೇ ಕಾಯಿಲೆ, ಟ್ಯಾಂಕ್ ಬದಲಿಸುವುದೇ ಔಷಧಿ. ಕೊಳ್ಳುವಾಗಲೇ ಇದರ ಅನುಮಾನ ಇತ್ತು, ಬೆಲೆಯಲ್ಲೂ ಸ್ವಲ್ಪ ಇಳಿಸಿಕೊಂಡಿದ್ದೆ. ಟ್ಯಾಂಕ್ ಹೊಸದು, ಮುಚ್ಚಳವೂ ಹೊಸದು. ಕೆಲಸ ಮಾತ್ರ ಬೇಸರದ್ದು. ಪೈಪ್‌ಗಳ ಸ್ಪ್ರಿಂಗ್ ಕ್ಲಿಪ್‌ಗಳು ಎಂಜಿನ್ ಕಡೆಗಿವೆ, ಕೈ ಹೋಗಲ್ಲ, ಕಣ್ಣಿಗೂ ಕಾಣಲ್ಲ. ಉದ್ದ ಕೇಬಲ್ ಇರುವ ಕ್ಲಿಪ್ ಇಕ್ಕಳ ಎರವಲು ತಂದದ್ದರಿಂದ ಆಯಿತು. ಕೂಲಂಟ್ ತುಂಬುವಾಗ ಟ್ಯಾಂಕ್ ಮೇಲಿನ ಗಾಳಿ ಬಿಡುವ ವಾಲ್ವಿನ ತಂತಿಯನ್ನು ಎತ್ತಿ ನಿಲ್ಲಿಸಬೇಕು. ಎಂಜಿನ್ ಓಡಿಸುತ್ತಾ, ಮಟ್ಟ ಇಳಿದ ಹಾಗೆ ಸುರಿಯುತ್ತಾ ಹೋಗಬೇಕು. ತಾಳ್ಮೆ ಬೇಕು. ಗಾಳಿ ಉಳಿದರೆ ಎಂಜಿನ್ ಬಿಸಿ ತೋರಿಸುವ ಸೂಜಿ ಏರುತ್ತದೆ.

ಸ್ಪಾರ್ಕ್ ಪ್ಲಗ್ ಬದಲಿಸಿದೆ. ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ಆರು ಕಾಯಿಲ್‌ಗಳಲ್ಲಿ ಎರಡರ ಮೈ ಬಿರಿದಿತ್ತು, ಆರನ್ನೂ ಹೊಸದು ಹಾಕಿದೆ. ಪ್ಲಗ್ ತೆಗೆದಾಗ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಗಳನ್ನೂ ನೋಡಿದೆ. ಉದ್ದುದ್ದ ಗೀರು ಎಲ್ಲೂ ಇಲ್ಲ.

ಈಗ ಉಳಿದಿರುವುದು ಮುಂದಿನ ಸಸ್ಪೆನ್ಷನ್. ಸ್ಪೀಡ್ ಬ್ರೇಕರ್ ಮೇಲೆ ನಿಧಾನ ಹೋದರೆ ಎಡಗಡೆ 'ಟಕ್' ಅನ್ನುತ್ತದೆ, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್ ಇರಬೇಕು. ಮುಂದಿನ ತಪಾಸಣೆ 2026ರ ಏಪ್ರಿಲ್‌ಗೆ. ಅಷ್ಟರೊಳಗೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ ಅಲೈನ್‌ಮೆಂಟ್ ಮಾಡಿಸುವ ಯೋಚನೆ ಇದೆ. ಬ್ರೇಕ್ ಡಿಸ್ಕ್‌ಗಳು ತಮ್ಮ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಒಂದು ಎಂಎಂ ಹೆಚ್ಚು ದಪ್ಪ ಇವೆ, ಅವು ಇನ್ನೊಂದು ಬೇಸಿಗೆ ತಡೆಯುತ್ತವೆ.